ಫ್ಯೋರ್ಡಿನ ಮೇಲೆ ಎಂಟೇ ಜನ

ಆ ಭಾನುವಾರ ಮಧ್ಯಾಹ್ನ ಕೌಸಲ್ಯಳ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾರ್ವೆ ಪ್ರವಾಸ ಮುಗಿಸಿ ಬಂದು ಮೂರು ವಾರವಾಗಿತ್ತು. ಗಂಡನ ಸ್ನೇಹಿತ ಪಟ್ಟಾಭಿರಾಮ ತಾನು ತೆಗೆದ ವಿಡಿಯೋವನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿ ತಂದಿದ್ದ. ಜೊತೆಗೆ ಹೋಗಿದ್ದ ಎರಡು ಮನೆಯವರು, ಹೋಗಲಾಗದೆ ಹೊಟ್ಟೆ ಉರಿಸಿಕೊಂಡ ಮೂರು ಮನೆಯವರು, ಎಲ್ಲರೂ ಟಿ.ವಿ. ಮುಂದೆ ಸೇರಿದ್ದರು. ಕ್ಯಾಸೆಟ್ ಮುಗಿದ ಮೇಲೆ ಊಟ. ಅಡುಗೆ ಯಾರದ್ದು ಎಂದು ಕೇಳುವುದೇ ಬೇಡ. ಬೆಳಗ್ಗೆ ಐದಕ್ಕೆ ಎದ್ದು ಇಪ್ಪತ್ತು ಜನರಿಗೆ ಬಿಸಿಬೇಳೆಬಾತ್ ಮಾಡಿದವಳು ಸೋಫಾದಲ್ಲಿ ಜಾಗ ಸಿಗದೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

ಅವಳ ಗಂಡ ಪದ್ಮನಾಭ ರಿಮೋಟು ಹಿಡಿದು ಕಾಮೆಂಟರಿ ಕೊಡುತ್ತಿದ್ದ. ಸಿಂಗಾಪುರದ ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಅವನದು ದೊಡ್ಡ ಹುದ್ದೆ. ಕೂತ ಜಾಗದಿಂದ ಏಳದೆ ಮಾಡುವ ಕೆಲಸವಾದರೆ ಅವನನ್ನು ಮೀರಿಸುವವರಿಲ್ಲ.

"ಇದು ನೋಡಿ, ನಾವು ಬೆಟ್ಟ ಹತ್ತಿದ ದಿನ. ಇಡೀ ಟ್ರಿಪ್ಪಿಗೇ ಬೆಸ್ಟ್ ದಿನ!" ಎಂದ ಅವನು.

ಕೌಸಲ್ಯ ತುಟಿ ಕಚ್ಚಿಕೊಂಡಳು. ಹನ್ನೊಂದು ವರ್ಷದ ಹಿಂದೆ, ಸಿಂಗಾಪುರಕ್ಕೆ ಬರುವ ಮುಂಚೆ, ಅವಳು ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರ್. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದೇ ಫ್ಯೋರ್ಡ್ ಎಂದು ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದವಳು. ತಾನೇ ನೋಡದ್ದನ್ನು ಎಷ್ಟೋ ನೂರು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದವಳು. ನಾರ್ವೆಗೆ ಹೋಗುವುದೆಂದು ನಿಶ್ಚಯವಾದಾಗ ಅವಳು ಕೇಳಿದ್ದು ಒಂದೇ: ಒಂದು ದಿನ ಬೆಟ್ಟ ಹತ್ತಿ ಫ್ಯೋರ್ಡನ್ನು ಮೇಲಿಂದ ನೋಡಬೇಕು. ಕೆಳಗೆ ದಡದಲ್ಲಿ ನಿಂತರೆ ಅದೊಂದು ಕೆರೆ, ಅಷ್ಟೆ. ಅದರ ತಿರುವು, ಕಡಿದು ನಿಲ್ಲಿಸಿದಂಥ ಗೋಡೆ, ಪಕ್ಕದಿಂದ ಬಂದು ಸೇರುವ ಸಣ್ಣ ಕಣಿವೆಗಳು, ಇವೆಲ್ಲ ಕಾಣುವುದು ಮೇಲಿಂದಲೇ. ಅದಕ್ಕಾಗಿ ನಾಲ್ಕು ತಿಂಗಳು ಪ್ರತಿ ಶನಿವಾರ ಬುಕಿತ್ ತಿಮಾ ಗುಡ್ಡವನ್ನು ಮೂರು ಮೂರು ಸಲ ಹತ್ತಿಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು.

ಆ ದಿನ ಬೆಳಗ್ಗೆ ಅವಳು ಬೂಟಿನ ದಾರ ಕಟ್ಟಿ ಮುಗಿಸಿದ್ದಳು. ಗೈಡಿನ ಜೊತೆ ಮಾತಾಡಿ ಬಂದ ಪದ್ಮನಾಭ ಸಾವಿನ ಮನೆಯಿಂದ ಬಂದವನ ಮುಖ ಮಾಡಿಕೊಂಡು, "ಒಂದು ಪ್ರಾಬ್ಲಮ್ ಆಯ್ತು. ಒಂದು ಗ್ರೂಪಿಗೆ ಎಂಟೇ ಜನವಂತೆ. ಸೇಫ್ಟಿ ರೂಲು," ಎಂದಿದ್ದ. ಇವರು ಒಂಬತ್ತು ಜನ. ಜೊತೆಗೆ ಬಂದಿದ್ದ ಉಡುಪಿ ಕಡೆಯ ಪುಷ್ಪಾವತಿ, "ನನ್ನ ಮಂಡಿ ನೋವು, ನಾನು ಉಳೀತೇನೆ," ಎಂದಳು. ಪದ್ಮನಾಭ ಕೇಳಲಿಲ್ಲ. "ನೀವು ಗೆಸ್ಟು, ನೀವು ಹೋಗಲೇಬೇಕು. ಕೌಸಲ್ಯಾ ಅಡ್ಜಸ್ಟ್ ಮಾಡ್ಕೋತಾಳೆ," ಎಂದ.

ಬೇರೆ ಊರಿನವರಾಗಿದ್ದರೆ ಗೈಡನ್ನೇ ಹೋಗಿ ಕೇಳುತ್ತಿದ್ದರು, ಜಗಳವನ್ನಾದರೂ ಆಡುತ್ತಿದ್ದರು. ಇವರು ಸಿಂಗಾಪುರದವರು. ಚ್ಯೂಯಿಂಗ್ ಗಮ್ ಮಾರಬಾರದು ಎಂದು ಸರ್ಕಾರ ಹೇಳಿದರೆ ಯಾಕೆ ಎಂದು ಕೇಳದೆ ತಲೆಯಾಡಿಸಿದ ಜನ. ಎಂಟು ಎಂದರೆ ಎಂಟು. ಕೌಸಲ್ಯ ಬೂಟು ಬಿಚ್ಚಿದಳು. ಎಂಟು ಜನಕ್ಕೂ ಪುಳಿಯೋಗರೆ ಕಟ್ಟಿಕೊಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನುಂಗಿಕೊಂಡಳು. ಸಿಂಗಾಪುರದಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಕುಕ್ಕರಿನಲ್ಲಿ ಅನ್ನಕ್ಕಿಟ್ಟು, ಕಿಟಕಿಯಿಂದ ಬೆಟ್ಟದ ಕಡೆ ನೋಡುತ್ತ ಇಡೀ ದಿನ ಕಳೆದಳು. ಗಂಡನ ಮೇಲಾದರೆ ಸಿಟ್ಟು ಮಾಡಿಕೊಳ್ಳಬಹುದು, ರೂಲಿನ ಮೇಲೆ ಹೇಗೆ ಮಾಡಿಕೊಳ್ಳುವುದು?

ಟಿ.ವಿ.ಯಲ್ಲಿ ಈಗ ಎಲ್ಲರೂ ಕಲ್ಲುದಾರಿಯಲ್ಲಿ ಏರುತ್ತಿದ್ದರು. ಮುಂದೆ ಗೈಡು, ಅವನ ಹಿಂದೆ ಸಾಲು. ಸಾಲಿನಲ್ಲಿ ನಮ್ಮವರ ಜೊತೆ ಬಿಳಿಯರೂ ಇದ್ದರು. ಕೌಸಲ್ಯ ಎಣಿಸಿದಳು. ಹದಿನೈದು ಜನ. ಅದರಲ್ಲೊಬ್ಬಳು ಎಪ್ಪತ್ತು ದಾಟಿದ ಮುದುಕಿ, ಕೋಲು ಊರಿಕೊಂಡು ಹತ್ತುತ್ತಿದ್ದಳು.

"ಅವರೆಲ್ಲ ಯಾರು?" ಎಂದು ಬಾಗಿಲಿನಿಂದಲೇ ಕೇಳಿದಳು.

"ಬೇರೆ ಗ್ರೂಪು," ಎಂದ ಪದ್ಮನಾಭ, ತಿರುಗಿ ನೋಡದೆ.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಪಟ್ಟಾಭಿರಾಮ ಅಂದು ಲೆನ್ಸಿಗೆ ಮುಚ್ಚಳ ಹಾಕಿದ್ದ, ಕ್ಯಾಮೆರಾ ಆಫ್ ಮಾಡಲು ಮರೆತಿದ್ದ. ಕತ್ತಲೆಯಿಂದ ಅವನದೇ ದನಿ ಕೇಳಿಸಿತು.

"ಅಲ್ಲ ಪದ್ದು, ಇವನು ಹದಿನೈದು ಜನಾನ ಕರ್ಕೊಂಡ್ ಹೋಗ್ತಿದಾನಲ್ಲ. ಕೌಸಲ್ಯಾ ಅವ್ರೂ ಬರಬಹುದಿತ್ತು."

"ಎಂಟು ಅಂತ ಅವನೆಲ್ಲಿ ಅಂದ? ನಾನೇ ಅಂದಿದ್ದು."

ಹಾಲಿನಲ್ಲಿ ಪಟ್ಟಾಭಿರಾಮ ಎದ್ದು ನಿಂತ. "ಫಾರ್ವರ್ಡ್ ಮಾಡಯ್ಯ, ಫಾರ್ವರ್ಡ್!" ಪದ್ಮನಾಭ ಗುಂಡಿ ಒತ್ತಿದ. ಅವನ ಕೈಲಿದ್ದದ್ದು ಟಿ.ವಿ.ಯ ರಿಮೋಟು, ವಿ.ಸಿ.ಆರ್.ನದಲ್ಲ. ಒತ್ತಿದಷ್ಟೂ ಟೇಪಿನೊಳಗಿನ ಅವನ ದನಿ ಜೋರಾಯಿತು.

"ವಾರದಿಂದ ಬ್ರೆಡ್ಡು ತಿಂದು ಹೊಟ್ಟೆ ಕೆಟ್ಟೋಗಿದೆ ಕಣಯ್ಯ. ಇಳಿದು ಹೋಗೋ ಹೊತ್ತಿಗೆ ಬಿಸಿ ಸಾರು ಬೇಕಾ ಬೇಡ್ವಾ? ಉಳ್ಕೋ ಅಂದ್ರೆ ಕೇಳೋಳಲ್ಲ. ರೂಲು ಅಂದ್ರೆ ಕೇಳ್ತಾಳೆ."

"ಪುಷ್ಪಾವತಿ ಉಳೀತೀನಿ ಅಂದ್ರಲ್ಲೋ?"

"ಅಯ್ಯೋ, ಅವರು ಸಾರಿಗೆ ಬೆಲ್ಲ ಸುರೀತಾರೆ!"

ಆಮೇಲೆ ಇಬ್ಬರೂ ನಕ್ಕರು. ಬೆಟ್ಟದ ಗಾಳಿಯಲ್ಲಿ ಆ ನಗು ಬಹಳ ಹೊತ್ತು ನಡೆಯಿತು.

ಹಾಲಿನಲ್ಲಿ ಮೊದಲು ಮಾತಾಡಿದವಳು ಮಗಳು ಶ್ರೀಯಾ. "ಅಪ್ಪಾ, ನೀನು ಸುಳ್ಳು ಹೇಳಿದ್ಯಾ? ಸೋ ಮೀನ್ ಲಾ!"

"ಏಯ್, ತಮಾಷೆಗೆ ಅಂದಿದ್ದು," ಎಂದ ಪದ್ಮನಾಭ.

"ನನ್ನ ಮಂಡಿ ಎರಡು ವಾರ ಊದಿತ್ತು," ಎಂದಳು ಪುಷ್ಪಾವತಿ ಸೋಫಾದಿಂದ. "ಅದೂ ತಮಾಷೆಗಾ?"

ಕೌಸಲ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದ್ದಕ್ಕಿಂತ, ಆ ಸುಳ್ಳನ್ನು ತಾನು ಇಷ್ಟು ದಿನ ಸಮಾಧಾನದಿಂದ ಹೊತ್ತುಕೊಂಡು ತಿರುಗಿದ್ದಕ್ಕೆ ಉರಿಯಿತು. ಪಾಪ, ಇವರೇನು ಮಾಡುತ್ತಾರೆ ಎಂದು ಅಂದು ಸಂಜೆ ಇವನಿಗೆ ಎರಡನೇ ಸಲ ಸಾರು ಬಡಿಸಿದ್ದಳು. ಆ ಸೌಟನ್ನು ತಲೆಯ ಮೇಲೆ ಬೋರಲು ಹಾಕಬೇಕಿತ್ತು.

ಅವಳು ಜನರ ಕಾಲು ದಾಟಿಕೊಂಡು ಟಿ.ವಿ.ಯ ಮುಂದೆ ಬಂದು ನಿಂತಳು. "ಶ್ರೀಯಾ, ಅವರು ಮೇಲೆ ತಲುಪಿದ್ದು ಹಾಕು."

ಶ್ರೀಯಾ ಸರಿಯಾದ ರಿಮೋಟು ಹುಡುಕಿ ಓಡಿಸಿದಳು. ಬೆಟ್ಟದ ತುದಿ ಬಂತು. ಕ್ಯಾಮೆರಾ ಎಡದಿಂದ ಬಲಕ್ಕೆ ಒಮ್ಮೆ ಸರ್ರನೆ ತಿರುಗಿತು. ನೀಲಿ, ಒಂದು ಗೋಡೆ, ಒಂದು ತಿರುವಿನ ತುಂಡು. ನಾಲ್ಕು ಸೆಕೆಂಡು ಇರಬಹುದು. ಆಮೇಲೆ ಎಲ್ಲರೂ ಕಲ್ಲಿನ ಮೇಲೆ ಕೂತು ಪುಳಿಯೋಗರೆ ತಿನ್ನುತ್ತಿರುವ ದೃಶ್ಯ. ಅದು ಮುಗಿಯುವಂತೆಯೇ ಕಾಣಲಿಲ್ಲ.

"ಇಷ್ಟೇನಾ?" ಎಂದಳು ಕೌಸಲ್ಯ.

"ಬ್ಯಾಟರಿ ಉಳಿಸ್ಬೇಕಿತ್ತು ತಂಗೀ," ಎಂದ ಪಟ್ಟಾಭಿರಾಮ, ತಲೆ ಎತ್ತದೆ.

ಅವಳು ಗಂಡನ ಕಡೆ ತಿರುಗಿದಳು. "ಟೇಪು ಹೋಗ್ಲಿ. ನೀವು ಕಣ್ಣಾರೆ ನೋಡಿದೀರಲ್ಲ, ಹೇಳಿ. ಮೇಲಿಂದ ಹೇಗಿತ್ತು?"

"ಚೆನ್ನಾಗಿತ್ತು."

"ಹೇಗೆ ಚೆನ್ನಾಗಿತ್ತು?"

"ಇವಾಗ್ ಯಾಕೆ ಅದೆಲ್ಲ? ಎಲ್ರಿಗೂ ಹಸಿವಾಗಿದೆ."

"ಹೇಳಿ ರೀ. ನಾನು ಮೂವತ್ತಾರು ಕ್ಲಾಸಿಗೆ ಅದನ್ನ ಪಾಠ ಮಾಡಿದೀನಿ. ಎಷ್ಟು ತಿರುವಿತ್ತು? ಸಮುದ್ರದ ಕಡೆ ಬಾಯಿ ಕಾಣ್ತಿತ್ತಾ? ಆ ಕಡೆ ಗೋಡೆಯಿಂದ ನೀರು ಬೀಳ್ತಿತ್ತಾ?"

ಪದ್ಮನಾಭ ಎಲ್ಲರ ಮುಖ ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟ ಎಂದು ಅವಳಿಗೆ ಗೊತ್ತಾಯಿತು. ಅದು ಇನ್ನೂ ಕೆಟ್ಟದಾಗಿತ್ತು.

"ನಮ್ ಕೆ.ಆರ್.ಎಸ್. ಹಿನ್ನೀರು ಇರುತ್ತಲ್ಲ," ಎಂದ ಕೊನೆಗೆ. "ಹಾಗೇ. ನೀರೇ ನೀರು."

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಸುಳ್ಳನ್ನಾದರೂ ಅವಳು ಒಂದಲ್ಲ ಒಂದು ದಿನ ಅರಗಿಸಿಕೊಳ್ಳುತ್ತಿದ್ದಳೇನೋ. ಇದನ್ನು ಅರಗಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

"ಇದನ್ನ ನೋಡೋಕೆ ನನ್ನ ಜಾಗ ಕಿತ್ಕೊಂಡ್ರಾ?" ಎಂದಳು. ದನಿ ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು. "ಮುಂದಿನ ಜೂನ್‌ನಲ್ಲಿ ನಾನು ಹೋಗ್ತೀನಿ. ಒಬ್ಬಳೇ."

"ಒಬ್ಬಳೇ ಯಾಕೆ? ಎಲ್ಲಾ ಒಟ್ಟಿಗೆ ಹೋಗೋಣ, ನಾನೇ ಬುಕ್ ಮಾಡ್ತೀನಿ."

"ಬೇಡ. ನೀವು ಬಂದ್ರೆ ಮತ್ತೆ ಹಸಿವಾಗತ್ತೆ."

ಪುಷ್ಪಾವತಿ ಸೋಫಾದಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಕೌಸಲ್ಯ ಕೂತಳು. ಇಪ್ಪತ್ತು ಜನರೂ ಪದ್ಮನಾಭನನ್ನೇ ನೋಡುತ್ತಿದ್ದರು. ಅವನು ಬೇರೆ ದಾರಿ ಕಾಣದೆ ಎದ್ದು ಅಡುಗೆಮನೆಗೆ ಹೋದ. ಪಾತ್ರೆಗಳ ಸದ್ದಾಯಿತು. ತಟ್ಟೆಗಳು ಎಲ್ಲಿವೆ ಎಂದು ಒಳಗಿಂದ ಕೂಗಿ ಕೇಳಿದ.

ಅವಳು ಹೇಳಲಿಲ್ಲ.