ಜೋರಾಪುರ ಪೇಟೆಯ ತೊಗಲಿನ ಅಂಗಡಿ

ಎರಡನೆಯ ಮಹಾಯುದ್ಧ ಮುಗಿದ ವರ್ಷ ಗುರುಪಾದಯ್ಯ ಅಣ್ಣನ ಅರಿವೆ ಅಂಗಡಿ ಬಿಟ್ಟು, ವಿಜಾಪುರದ ಜೋರಾಪುರ ಪೇಟೆಯಲ್ಲಿ ತೊಗಲಿನ ಚೀಲ, ಪಟ್ಟಿ ಮಾರುವ ಅಂಗಡಿ ಹಾಕಿದ. ಅಯ್ಯನವರ ಮನೆತನದವನು ತೊಗಲು ಮುಟ್ಟಿದನೆಂದು ಓಣಿಯಲ್ಲೆಲ್ಲ ಗುಲ್ಲೆದ್ದಿತು.

"ಲಿಂಗಾ ಕಟ್ಟಿದ ಮೈಗೆ ಆ ನಾತ ಹತ್ತಿಸ್ಕೊಂಡ ಬರ್ತಿಯಲ್ಲೋ," ಎಂದ ತಾಯಿ ರುದ್ರವ್ವ ಆಮೇಲೆ ಮಗನ ಜೊತೆ ಮಾತನ್ನೇ ಬಿಟ್ಟಳು.

ಚೀಲ ಹೊಲಿಯುತ್ತಿದ್ದವನು ತಿಕೋಟಾದ ಮರೆಪ್ಪ. ಅವನ ಹೊಲಿಗೆ ನೋಡಿಯೇ ಗುರುಪಾದಯ್ಯನಿಗೆ ಈ ಧಂದೆಯ ಹುಚ್ಚು ಹಿಡಿದಿತ್ತು. ಆದರೆ ಜಾಗದ ಮಾಲೀಕ ಬಸಗೊಂಡಪ್ಪ ಮೊದಲೇ ಹೇಳಿದ್ದ: ಮಾಲು ಒಳಗಿರಲಿ, ಮರೆಪ್ಪ ಒಳಗೆ ಕಾಲಿಡಬಾರದು. ಅಂಗಡಿ ನಡೆದರೆ ಸಾಕೆಂದು ಗುರುಪಾದಯ್ಯ ಹೂಂ ಅಂದ. ಮರೆಪ್ಪ ಕಟ್ಟೆಯ ಕೆಳಗೆ ಬೀದಿಯಲ್ಲಿ ಗೋಣಿತಟ್ಟಿನ ನೆರಳು ಮಾಡಿಕೊಂಡು ಕೂತ.

ಒಂದು ಮಧ್ಯಾಹ್ನ ಗಾಳಿ ಎದ್ದು ತಟ್ಟು ಹಾರಿತು. ದಪ್ಪ ಹನಿ ಬೀಳತೊಡಗಿದವು.

"ಅಯ್ಯಾರ, ತೊಗಲು ತೊಯ್ತಾವ್ರಿ!"

ಗುರುಪಾದಯ್ಯ ಓಡಿಬಂದ. ಮರೆಪ್ಪ ಎತ್ತಿ ಕೊಟ್ಟ, ಇವನು ಒಳಗಿಟ್ಟ. ಕೊನೆಯ ತುಂಡು ಕೊಟ್ಟು ಮರೆಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ. ಎದುರು ಮನೆಯ ಬಾಗಿಲಲ್ಲಿ ಬಸಗೊಂಡಪ್ಪ ನಿಂತಿದ್ದ. ಗುರುಪಾದಯ್ಯನ ಕೈ ತಾನಾಗಿ ಅಡ್ಡ ಬಂತು.

"ಅಲ್ಲೇ ನಿಂದ್ರ, ಮರೆಪ್ಪ."

ಮರೆಪ್ಪ ಕಾಲು ಹಿಂದೆ ತೆಗೆದ. ಮಳೆಯಲ್ಲೇ ತನ್ನ ಸಾಮಾನು ಬಾಚಿಕೊಂಡು ಹೊರಟುಹೋದವನು ಮತ್ತೆ ಬರಲಿಲ್ಲ.

ಗಿರಾಕಿ ಬಂದರೂ ಗುರುಪಾದಯ್ಯನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಅಡ್ಡ ಚಾಚಿದ ತನ್ನ ಕೈಯೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ತಿಕೋಟಾಕ್ಕೆ ಹೋದ. ಮರೆಪ್ಪನ ಹೆಂಡತಿ ಬೋರವ್ವ ಬಾಗಿಲಲ್ಲೇ ತಡೆದಳು.

"ತೊಗಲ ಒಳಗ ತಗೊಂಡ್ರಿ, ಅದನ್ನ ಹೊಲಿಯಾಂವನ್ನ ಮಳ್ಯಾಗ ನಿಂದ್ರಿಸಿದ್ರಿ. ಜ್ವರ ಬಂದು ಮಲಗ್ಯಾನ, ನೋಡ್ರಿ."

"ತಪ್ಪಾತು," ಅಂದ ಗುರುಪಾದಯ್ಯ, ಒಳಗೆ ಕೇಳುವಂತೆ. "ಮರೆಪ್ಪ, ಯಾರ ಏನ ಅಂದ್ರೂ ಅಂಗಡಿ ಒಳಗ ಬಂದು ಕುಂದ್ರು."

"ಕೂಲಿಯವನಾಗಿ ಬರೂದಿಲ್ರಿ," ಒಳಗಿನಿಂದ ಮರೆಪ್ಪನ ದನಿ ಬಂತು. "ಪಾಲುದಾರ ಆಗಿ ಬರ್ತೀನಿ."

ಗುರುಪಾದಯ್ಯನಿಗೆ ತಟ್ಟನೆ ಹೂಂ ಅನ್ನಲಾಗಲಿಲ್ಲ. ಅನ್ನಲಾಗದ್ದಕ್ಕೆ ತನ್ನ ಮೇಲೇ ಹೇಸಿಗೆ ಬಂತು. ಆಮೇಲೆ ಹೂಂ ಅಂದ.

ಮರೆಪ್ಪ ಅಂಗಡಿಯೊಳಗೆ ಕೂತ ದಿನವೇ ಬಸಗೊಂಡಪ್ಪ ಇಬ್ಬರನ್ನೂ ಎಬ್ಬಿಸಿದ. ಪೇಟೆಯಲ್ಲಿ ಬೇರೆ ಯಾರೂ ಜಾಗ ಕೊಡಲಿಲ್ಲ. ಮನೆಗೆ ಬಂದರೆ ರುದ್ರವ್ವ ಬಾಗಿಲು ಮುಚ್ಚಿದ್ದಳು. ಹೆಂಡತಿ ಗೌರಾಬಾಯಿ ಹಿತ್ತಲಿನಿಂದ ಅರಿವೆಗಂಟು ಹಿಡಿದು ಬಂದಳು. ಊರು ಬಿಟ್ಟು ಬಬಲೇಶ್ವರಕ್ಕೆ ಹೊರಟಾಗ ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಕೂತು ಅತ್ತಳು.

ಬಬಲೇಶ್ವರದ ಸಂತೆಯ ಅಂಚಿಗೆ ಗುರುಪಾದಯ್ಯ, ಮರೆಪ್ಪ ಇಬ್ಬರೂ ಅಂಗಡಿಗೆಂದು ಒಂದು ಗುಡಿಸಲು ಹಿಡಿದರು. ಮೊದಲ ಸಂತೆಯ ದಿನ ಜನ ಚೀಲ ಎತ್ತಿ ನೋಡಿದರು, ಯಾರ್ಯಾರ ಅಂಗಡಿ ಎಂದು ಕೇಳಿ ತಿಳಿದು ಅಲ್ಲೇ ಇಟ್ಟು ಹೋದರು. ಕುರಿ ಕಾಯುವ ಗೊಲ್ಲಾಳಪ್ಪ ಒಬ್ಬನೇ ಒಂದು ಎಲೆಅಡಿಕೆ ಸಂಚಿ ಕೊಂಡ.

ಮರೆಪ್ಪ ಕೆಲಸದ ಮಾತಷ್ಟೇ ಆಡುತ್ತಿದ್ದ. ಬೇರೇನಾದರೂ ಮಾತಾಡಲು ಗುರುಪಾದಯ್ಯನಿಗೆ ಧೈರ್ಯವಿರಲಿಲ್ಲ. ಒಂದೇ ಚಾಪೆಯ ಎರಡು ತುದಿಗೆ ಕೂತು, ಸಂತೆ ಕರಗುವವರೆಗೂ ಇಬ್ಬರೂ ಗಿರಾಕಿಯ ದಾರಿ ನೋಡಿದರು.