ನಿಮಿಷಕ್ಕೆ ಮೂವತ್ತು ಸುತ್ತು

ಬಕೆಟ್ಟು ಎಡಗೈಯಲ್ಲಿತ್ತು. ಹಿಂದಿನ ಕೋಣೆ ದಾಟುವಾಗ ಬಲಗೈ ತಾನಾಗಿ ಚಾಚಿಕೊಂಡು ಗೋಡೆ ಪಕ್ಕದ ಕಬ್ಬಿಣದ ಚಕ್ರದ ಅಂಚಿಗೆ ಹೋಯಿತು. ಇನ್ನೇನು ಬೆರಳು ತಾಗಬೇಕು, ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮಗಳು ಕೂಗಿದಳು.

"ಅಮ್ಮಾ, ಎಲ್ಲಿದ್ದೀಯಾ? ದೊಡ್ಡಪ್ಪ ಬಂದ್ರು."

ಕೈ ಗಾಳಿಯಲ್ಲೇ ನಿಂತಿತು. ಆಗ ನೆನಪಾಯಿತು. ನಿನ್ನೆ ಸಂಜೆ ಐದು ಗಂಟೆಗೆ ಗಂಡನ ಉಸಿರು ನಿಂತಿತ್ತು. ಮುಂದಿನ ಕೋಣೆಯಲ್ಲಿ ಅದೇ ಮಂಚದ ಮೇಲೆ ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದಾರೆ. ಮನೆ ತುಂಬ ಜನ. ಹಾಗಿದ್ದೂ ತಾನು ಎದ್ದು, ಮುಖ ತೊಳೆದು, ಹಿತ್ತಲು ತೊಳೆಯಲು ಬಕೆಟ್ಟು ಹಿಡಿದು ಹೊರಟಿದ್ದಾಳೆ. ನಲವತ್ತು ವರ್ಷದ ಅಭ್ಯಾಸ. ಕೈಕಾಲುಗಳಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಚಕ್ರ ಅಲ್ಲಾಡದೆ ನಿಂತಿತ್ತು. ಹಳೆಯ ಯಂತ್ರವೊಂದರಿಂದ ಬಿಚ್ಚಿ ತಂದ ಭಾರದ ಗಾಲಿ. ಸುತ್ತಲೂ ಕೆಟ್ಟ ಸ್ಪೀಕರುಗಳಿಂದ ಕಿತ್ತು ಅಂಟಿಸಿದ ಅಯಸ್ಕಾಂತಗಳು. ಒಂದು ಸುತ್ತು ಮುಗಿದಾಗಲೆಲ್ಲ ತೆಳುವಾದ ತಗಡಿನ ಪಟ್ಟಿಯೊಂದು ತಾಗಿ 'ಟಿಕ್' ಎನ್ನುವ ಹಾಗೆ ಮಾಡಿಟ್ಟಿದ್ದರು. ಈಗ ಆ ಸದ್ದಿರಲಿಲ್ಲ.

ಕಿಟಕಿಯ ಕೆಳಗೆ ಮೊಮ್ಮಗಳು ಪುಟ್ಟಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಆರು ವರ್ಷದ ಕಣ್ಣು ಅಜ್ಜಿಯ ಕೈಯನ್ನೇ ನೋಡುತ್ತಿತ್ತು.

"ಅಜ್ಜಿ, ಒಂದು ಕೇಳ್ಲಾ?"

"ಆಮೇಲೆ ಕೇಳುವೆಯಂತೆ ಮಗಾ. ಜನ ಬಂದಿದಾರೆ."

ಬಕೆಟ್ಟನ್ನು ಅಲ್ಲೇ ಇಟ್ಟಳು. ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ವಾರವಾಗಿತ್ತು. ಅದಕ್ಕೆ ಸುತ್ತಿದ್ದ ಬಟ್ಟೆಚೂರನ್ನು ಬಿಗಿ ಮಾಡಿಕೊಂಡು ಮುಂದಿನ ಕೋಣೆಗೆ ನಡೆದಳು.

*

ಭಾವ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಸತ್ತವರಿಗೆ ಅವರು ಅಣ್ಣ. ಮನೆಮನೆಗೆ ಹೋಗಿ ಕರೆಂಟು ಮೀಟರು ಓದುವ ಕೆಲಸ ಮಾಡಿ ನಿವೃತ್ತರಾದವರು. ಅಳು ಬಂದಾಗ ತಮಾಷೆ ಮಾಡುವುದು ಅವರ ಸ್ವಭಾವ.

"ನೋಡಮ್ಮಾ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರೆ. ನಿನ್ನ ಗಂಡಂಗೆ ಮದುವೆನೂ ಆಯ್ತು, ಮಗಳೂ ಆದ್ಲು, ಮೊಮ್ಮಗಳೂ ಬಂದ್ಲು. ಹುಚ್ಚು ಬಿಡ್ತಾ?" ಎಂದರು.

"ಹುಚ್ಚು ಅನ್ಬೇಡಿ ಅಣ್ಣಾ," ಎಂದಳು ಪಕ್ಕದ ಮನೆಯ ಟೈಲರಮ್ಮ. "ನನ್ನ ಮಿಷನ್ನಿನ ಮೋಟಾರು ಎರಡು ಸಲ ಸುಟ್ಟಿತ್ತು. ಅವರು ಸುತ್ತಿ ಕೊಟ್ಟಿದ್ದು ಇವತ್ತಿಗೂ ಓಡ್ತಾ ಇದೆ."

"ನಾನು ಕೈಗುಣಕ್ಕೆ ಹೇಳ್ತಿಲ್ಲ ತಾಯಿ, ತಲೆಗೆ ಹೇಳ್ತಿರೋದು. ಕರೆಂಟಿಲ್ಲದೆ ತಿರುಗೋ ಮೋಟಾರು ಮಾಡ್ತೀನಿ ಅಂದ. 'ಮೊದಲು ನನ್ನ ಪೆನ್ಶನ್ ಬರಲಿ ಇರಪ್ಪ, ಆಮೇಲೆ ಮಾಡು' ಅಂತಿದ್ದೆ. ನಗ್ತಿದ್ದ."

ಹೊರಗೆ ಚಪ್ಪಲಿ ಬಿಟ್ಟು ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಮೂವತ್ತೇಳು ವರ್ಷ ಪ್ರತಿ ಭಾನುವಾರ ಈ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಗೆಳೆಯನ ಜೊತೆ ಜಗಳವಾಡಿದವರು. ಗೆಳೆಯನ ಪಾದ ಮುಟ್ಟಿ ಬಹಳ ಹೊತ್ತು ನಿಂತರು. ಆಮೇಲೆ ಆಕೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ತಾಯಿ, ಇದನ್ನ ಹೇಳೋಕೆ ಇವತ್ತು ದಿನ ಅಲ್ಲ. ಆದ್ರೂ ಹೇಳಿಬಿಡ್ತೀನಿ. ಮೊನ್ನೆ ಬಂದಾಗ ಚಕ್ರದ ಲೆಕ್ಕ ಬರೆದ ಪುಸ್ತಕ ತೋರಿಸಿದ, ಕೈಗೆ ಕೊಡಲಿಲ್ಲ. ನಾಲ್ಕು ತಿಂಗಳಿಂದ ಚಕ್ರ ನಿಂತಿಲ್ಲ ಅಂತ ನೀವೂ ಹೇಳಿದ್ರಿ. ನಾನು ಬಂದಾಗೆಲ್ಲ ಸದ್ದು ಕೇಳಿಸ್ಕೊಂಡಿದೀನಿ. ನಾನೇ ಅವನನ್ನ ಆಗಲ್ಲ ಕಣಯ್ಯಾ, ಆಗಲ್ಲ ಅಂತ ಬೈದೋನು. ಕಾಲೇಜಿನ ಪ್ರೊಫೆಸರಿಗೆ ಹೇಳಿದೀನಿ. ಬರೋ ವಾರ ಚಕ್ರ, ಪುಸ್ತಕ ಎರಡೂ ಅಲ್ಲಿಗೆ ತಗೊಂಡು ಹೋಗೋಣ. ನಾಲ್ಕು ಜನರ ಮುಂದೆ ಅವನ ಹೆಸರು ಹೇಳ್ಬೇಕು."

ಆಕೆಗೆ ಮುಂದಾಗುವುದು ಕಣ್ಣೆದುರು ಬಂತು. ಕಾಲೇಜಿನಲ್ಲಿ ಮೇಜಿನ ಮೇಲೆ ಇಡುತ್ತಾರೆ. ಚಕ್ರ ಸುಮ್ಮನೆ ನಿಂತಿರುತ್ತದೆ. ಎಲ್ಲರೂ ಪುಸ್ತಕ ನೋಡುತ್ತಾರೆ, ಚಕ್ರ ನೋಡುತ್ತಾರೆ, ಆಮೇಲೆ ನಗುತ್ತಾರೆ. ಬದುಕಿಡೀ ಒಂದು ಸುಳ್ಳು ಲೆಕ್ಕ ಬರೆಯದ ಮನುಷ್ಯ ಸತ್ತ ಮೇಲೆ ಸುಳ್ಳುಗಾರರಾಗುತ್ತಾರೆ. ನಿಜ ಹೇಳಿದರೋ, ಹೆಂಡತಿ ನಾಲ್ಕು ತಿಂಗಳು ಮಂಗ ಮಾಡಿದ್ದನ್ನು ನಂಬಿಕೊಂಡೇ ಹೋದ ಬಡಪಾಯಿ.

"ಅಜ್ಜಿ," ಎಂದಳು ಪುಟ್ಟಿ, ಕೈ ಜಗ್ಗಿ. "ಈಗ ಕೇಳ್ಲಾ?"

"ಸುಮ್ನಿರೇ, ಅಜ್ಜಿಗೆ ತೊಂದ್ರೆ ಕೊಡ್ಬೇಡ," ಎಂದು ಮಗಳು ಪುಟ್ಟಿಯನ್ನು ಆಚೆಗೆ ಕರೆದುಕೊಂಡು ಹೋದಳು.

*

ಬೀದಿಯ ಕೊನೆಯಲ್ಲಿ ಗಂಡನದೊಂದು ಅಂಗಡಿ ಇತ್ತು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ. ಸುಟ್ಟುಹೋದ ಮೋಟಾರುಗಳು, ಫ್ಯಾನುಗಳು, ನೀರೆತ್ತುವ ಪಂಪುಗಳು ಅಲ್ಲಿಗೆ ಬರುತ್ತಿದ್ದವು. ಕರಕಲಾದ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವುದು ಕೆಲಸ. ಬಿಚ್ಚುವಾಗ ಎಷ್ಟು ಸುತ್ತು ಇತ್ತೆಂದು ಎಣಿಸಬೇಕು. ಹತ್ತು ಸುತ್ತು ಆಚೀಚೆಯಾದರೂ ಮೋಟಾರು ಬಿಸಿಯಾಗಿ ಮತ್ತೆ ಸುಡುತ್ತದೆ. ಹಾಗಾಗಿ ಅವರು ಎಣಿಸುತ್ತಲೇ ಇರುತ್ತಿದ್ದರು. ಮೆಟ್ಟಿಲು ಎಣಿಸುತ್ತಿದ್ದರು. ಆಕೆ ನಿದ್ದೆಯಲ್ಲಿ ಎಷ್ಟು ಸಲ ಕೆಮ್ಮಿದಳೆಂದು ಎಣಿಸಿ ಬೆಳಗ್ಗೆ ಹೇಳುತ್ತಿದ್ದರು.

"ದಿನಾ ಸುಟ್ಟಿದ್ದನ್ನೇ ನೋಡಿ ನೋಡಿ ಸಾಕಾಗಿದೆ ಕಣೇ," ಎಂದಿದ್ದರು ಒಂದು ದಿನ, ಮದುವೆಯಾದ ಮೂರನೇ ವರ್ಷ. "ಕರೆಂಟೇ ಬೇಡದ ಮೋಟಾರು ಇದ್ರೆ ಸುಡೋ ಮಾತೇ ಇಲ್ಲ."

ಅಲ್ಲಿಂದ ಶುರು. ಮೊದಲ ಚಕ್ರ ಸೈಕಲ್ಲಿನದು, ಎರಡನೆಯದು ಮರದ್ದು, ಆಮೇಲೆ ಲೆಕ್ಕವಿಲ್ಲ. ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಇದು ಯಾಕೆ ಆಗುವುದಿಲ್ಲ ಎಂದು ತೋರಿಸುತ್ತಿದ್ದರು. ಇವರು ತಲೆಯಾಡಿಸಿ ಕೇಳಿ, ಆ ಗೆರೆಯ ಮೇಲೆಯೇ ಹೊಸ ಚಕ್ರ ನಿಲ್ಲಿಸುತ್ತಿದ್ದರು. ಆದರೆ ಮೇಷ್ಟ್ರು ಹೇಳಿದ ಒಂದು ಮಾತನ್ನು ಮಾತ್ರ ಪ್ರತಿ ಹೊಸ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು: ಕಂಡದ್ದನ್ನು ಬರೆಯಬೇಕು, ಬೇಕಾದದ್ದನ್ನಲ್ಲ. ಹಾಗಾಗಿ ಮೂವತ್ತೇಳು ವರ್ಷದ ಪುಸ್ತಕಗಳ ಪುಟಪುಟದಲ್ಲೂ ಒಂದೇ ಪದ ಇತ್ತು. ನಿಂತಿತು. ನಿಂತಿತು. ನಿಂತಿತು.

ಶ್ವಾಸಕೋಶದ ಕಾಯಿಲೆ ಮಂಚಕ್ಕೆ ಕೆಡವಿದ ಮೇಲೆ ಅವರು ಮಾತು ಬಿಟ್ಟರು. ಊಟದ ತಟ್ಟೆಯನ್ನು ಗೋಡೆ ಕಡೆಗೆ ಸರಿಸಿಬಿಡುತ್ತಿದ್ದರು. ಡಾಕ್ಟರು, "ಅವರಿಗೇ ಬದುಕೋ ಮನಸ್ಸಿಲ್ಲ, ನಾನೇನು ಮಾಡ್ಲಿ," ಎಂದಿದ್ದರು. ಅಂಥ ಒಂದು ಬೆಳಿಗ್ಗೆ ಒದ್ದೆ ಬಟ್ಟೆ ಹೊತ್ತು ಹಿತ್ತಲಿಗೆ ಹೋಗುವಾಗ ಆಕೆಯ ಮೊಣಕೈ ಚಕ್ರಕ್ಕೆ ತಾಗಿತು. ಅದು ನಿಧಾನಕ್ಕೆ ತಿರುಗತೊಡಗಿತು. ಟಿಕ್. ಟಿಕ್.

"ಏನೇ ಅದು?" ಮುಂದಿನ ಕೋಣೆಯಿಂದ ದನಿ ಬಂತು. ಎಷ್ಟೋ ದಿನದ ಮೇಲೆ ಬಂದ ದನಿ. "ಚಕ್ರ ತಿರುಗ್ತಿದೆಯಾ?"

ಮಂಚದಿಂದ ಚಕ್ರ ಕಾಣುತ್ತಿರಲಿಲ್ಲ, ನಡುವೆ ಗೋಡೆ. ಸದ್ದು ಮಾತ್ರ ಕೇಳುತ್ತಿತ್ತು. ಮೊಣಕೈ ತಾಗಿತು ಎಂದು ಹೇಳಲು ಬಾಯಿ ತೆರೆದಳು. ಇಣುಕಿ ನೋಡಿದರೆ, ಎರಡು ವಾರದಿಂದ ಏಳದ ಮನುಷ್ಯ ಮೊಣಕೈ ಊರಿ ಎದ್ದು ಕೂತಿದ್ದರು.

"ಹೂಂ," ಎಂದಳು. "ತಿರುಗ್ತಾ ಇದೆ."

"ನೀನೇನೂ ಮುಟ್ಟಿಲ್ಲ ತಾನೇ?"

"ನಾನ್ಯಾಕೆ ಮುಟ್ಲಿ? ನಂಗೆ ಬೇರೆ ಕೆಲಸ ಇಲ್ವಾ?"

ಅವರು ದಿಂಬಿನ ಪಕ್ಕದಲ್ಲಿದ್ದ ಕೈಗಡಿಯಾರ ಎತ್ತಿಕೊಂಡರು. ಪೆನ್ಸಿಲು ಕೇಳಿದರು. ಆ ಮಧ್ಯಾಹ್ನ ತಟ್ಟೆ ಖಾಲಿಯಾಯಿತು.

ಒಮ್ಮೆ ತಳ್ಳಿದರೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ ತಿರುಗುತ್ತಿತ್ತು. ಆಮೇಲೆ ಸೋಲುತ್ತಿತ್ತು. ಹಾಗಾಗಿ ಬಕೆಟ್ಟು ಹಿಡಿದು ಹೋಗುವಾಗ ಒಮ್ಮೆ, ಬಟ್ಟೆ ಒಣಗಹಾಕಲು ಹೋಗುವಾಗ ಒಮ್ಮೆ, ಪಾತ್ರೆಗೆ ಒಮ್ಮೆ, ಪೊರಕೆಗೆ ಒಮ್ಮೆ. ಕೆಲಸವಿಲ್ಲದಾಗಲೂ ಕೆಲಸ ಮಾಡಿಕೊಂಡು ಹೋಗುತ್ತಿದ್ದಳು. ಪುಟ್ಟಿ ಒಂದು ದಿನ ಕಿಟಕಿಯ ಕೆಳಗೆ ಆಡುತ್ತಾ ಕೂತು ನೋಡಿಬಿಟ್ಟಿದ್ದಳು. ಆಕೆ ತುಟಿಯ ಮೇಲೆ ಬೆರಳಿಟ್ಟಳು. ಪುಟ್ಟಿಯೂ ತುಟಿಯ ಮೇಲೆ ಬೆರಳಿಟ್ಟಳು. ಅಷ್ಟೇ.

ಡಾಕ್ಟರು ಮೂರು ವಾರ ಎಂದಿದ್ದರು. ಅವರು ನಾಲ್ಕು ತಿಂಗಳು ಎಣಿಸಿದರು.

*

ಮಧ್ಯಾಹ್ನ ಎಲ್ಲ ಮುಗಿಸಿ ಮನೆಗೆ ಬಂದಾಗ ಮುಂದಿನ ಕೋಣೆಯ ಮಂಚ ಖಾಲಿಯಾಗಿತ್ತು. ಹಾಸಿಗೆಯ ನಡುವೆ ಅವರ ಬೆನ್ನಿನ ತಗ್ಗು ಹಾಗೇ ಇತ್ತು. ಮಗಳು ಅದನ್ನು ಸರಿಮಾಡಲು ಹೋದಾಗ, "ಬಿಡು, ಇರ್ಲಿ," ಎಂದಳು ಆಕೆ.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಟೈಲರಮ್ಮ ಟೀ ಮಾಡಿ ತಂದಳು. ಭಾವ ಲೋಟ ಹಿಡಿದುಕೊಂಡೇ ಎದ್ದರು. "ನಡೀರಿ, ಅವನ ಆ ಚಕ್ರ ನೋಡೋಣ. ಬದುಕಿದ್ದಾಗ ಒಂದು ದಿನ ನೆಟ್ಟಗೆ ನೋಡ್ಲಿಲ್ಲ ನಾನು."

ಆಕೆ ತಡೆಯುವಷ್ಟರಲ್ಲಿ ಎಲ್ಲರೂ ಹಿಂದಿನ ಕೋಣೆಯಲ್ಲಿದ್ದರು. ಬೆಳಿಗ್ಗೆ ಇಟ್ಟ ಬಕೆಟ್ಟು ಅಲ್ಲೇ ಇತ್ತು. ಚಕ್ರ ಅಲ್ಲಾಡದೆ ನಿಂತಿತ್ತು.

"ಅಯ್ಯೋ, ನಿಂತುಹೋಗಿದೆ," ಎಂದಳು ಟೈಲರಮ್ಮ. "ನಿನ್ನೆ ಮಧ್ಯಾಹ್ನ ಕೂಡ ನಮ್ಮ ಗೋಡೆಗೆ ಟಿಕ್ ಟಿಕ್ ಕೇಳ್ತಿತ್ತು. ಅವರು ಹೋದ್ರು, ಇದೂ ನಿಂತ್ಕೊಂಡ್ತು."

ಭಾವ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಮೂವತ್ತು ವರ್ಷ ಆಡ್ಕೊಂಡೆ. ಹುಚ್ಚ ಅಂದೆ. ನೋಡಿ, ಅವನ ಜೊತೆಗೇ ಹೋಯ್ತು." ಗೋಡೆಗೆ ಮುಖ ಮಾಡಿ, ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಬಿಟ್ಟರು.

ಈಗ ಆಕೆ ಸುಮ್ಮನಿದ್ದರೆ ಸಾಕಿತ್ತು. ಗಂಡನ ಜೊತೆಗೇ ಉಸಿರು ಬಿಟ್ಟ ಚಕ್ರವನ್ನು ಯಾರೂ ಕಾಲೇಜಿನಲ್ಲಿ ಪರೀಕ್ಷೆಗೆ ಇಡುವುದಿಲ್ಲ. ಯಾರೂ ನಗುವುದಿಲ್ಲ.

"ಪುಸ್ತಕ ಎಲ್ಲಿದೆ ತಾಯಿ?" ಎಂದರು ಮೇಷ್ಟ್ರು.

ದಿಂಬಿನ ಕೆಳಗಿತ್ತು. ಆಕೆ ಎಂದೂ ತೆರೆದಿರಲಿಲ್ಲ. ತಾನು ಬರೆಸಿದ ಸುಳ್ಳನ್ನು ಅವರ ಅಕ್ಷರದಲ್ಲಿ ನೋಡುವ ಧೈರ್ಯವಿರಲಿಲ್ಲ. ತಂದುಕೊಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ, ಪಾಠ ಓದುವವರ ಹಾಗೆ ಓದತೊಡಗಿದರು.

"ಬೆಳಿಗ್ಗೆ ಆರು ಗಂಟೆ. ನಿಮಿಷಕ್ಕೆ ಮೂವತ್ತು ಸುತ್ತು. ಆರೂ ಹತ್ತು, ಹನ್ನೊಂದು. ಆರೂಕಾಲು, ಐದು. ಏಳು ಗಂಟೆ, ಇಪ್ಪತ್ತೊಂಬತ್ತು..." ದನಿ ನಿಧಾನವಾಯಿತು. ಇನ್ನೊಂದು ಪುಟ ತಿರುವಿದರು. ಮತ್ತೊಂದು. ಬೆರಳು ಸಾಲುಗಳ ಮೇಲೆ ಕೆಳಗಿಳಿಯುತ್ತಾ ಹೋಯಿತು.

"ತಾಯಿ, ದಿನಾ ಆರು ಗಂಟೆಗೆ ನೀವು ಏನ್ ಮಾಡ್ತೀರಿ?"

"ಹಿತ್ತಲು ತೊಳೀತೀನಿ."

"ಏಳಕ್ಕೆ?"

"ಬಟ್ಟೆ ಒಣಗಹಾಕ್ತೀನಿ."

"ಹನ್ನೊಂದೂವರೆಗೆ?"

"ಪಾತ್ರೆ..." ಎಂದಳು.

ಮೇಷ್ಟ್ರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು. ಕಾಲೇಜಿನ ವಿಷಯ ಎತ್ತಲಿಲ್ಲ. ಪುಸ್ತಕದ ಕೊನೆಯ ಪುಟ ತೆರೆದು ಆಕೆಯ ಕೈಗಿಟ್ಟರು.

ಪೆನ್ಸಿಲಿನ ಅಕ್ಷರ ಸೊಟ್ಟಸೊಟ್ಟಗಿತ್ತು. ಆದರೆ ಅಂಕಿಗಳು ತಂತಿ ಸುತ್ತಿದಷ್ಟೇ ಅಚ್ಚುಕಟ್ಟು. ಕಳೆದ ಏಳು ದಿನದ ಬೆಳಗಿನ ಆರು ಗಂಟೆಗಳನ್ನು ಒಂದರ ಕೆಳಗೊಂದು ಬರೆದಿದ್ದರು. ಮೂವತ್ತು. ಇಪ್ಪತ್ತೆಂಟು. ಇಪ್ಪತ್ತೇಳು. ಇಪ್ಪತ್ತೈದು. ಇಪ್ಪತ್ತೆರಡು. ಇಪ್ಪತ್ತೊಂದು. ನಿನ್ನೆಯದು ಹದಿನೆಂಟು. ಅದರ ಮುಂದೆ, ಮೂವತ್ತೇಳು ವರ್ಷದಲ್ಲಿ ಅಂಕಿಯ ಪಕ್ಕ ಎಂದೂ ಕಾರಣ ಬರೆಯದ ಮನುಷ್ಯ ಒಂದು ಸಾಲು ಬರೆದಿದ್ದರು.

ಅವಳಿಗೆ ಕೈ ನೋಯುತ್ತಿರಬೇಕು.

ಆಕೆ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಚೂರನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಕೈ ನೋವಿನ ವಿಷಯ ಅವರಿಗೆ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ.

"ಏನಂತೆ ಮೇಷ್ಟ್ರೇ?" ಭಾವ ಕಣ್ಣೊರೆಸಿಕೊಂಡು ಈಚೆ ತಿರುಗಿದರು. "ನಿಲ್ಲತ್ತೆ ಅಂತ ಮೊದಲೇ ಬರೆದಿಟ್ಟಿದ್ನಾ?"

ಮೇಷ್ಟ್ರು ಆಕೆಯ ಕಡೆ ನೋಡಿದರು. ಟೈಲರಮ್ಮ ನೋಡಿದಳು. ಮಗಳು ನೋಡಿದಳು.

ದೊಡ್ಡವರ ಕಾಲುಗಳ ನಡುವೆ ತೂರಿಕೊಂಡು ಪುಟ್ಟಿ ಮುಂದೆ ಬಂದಳು. ಚಕ್ರದ ಅಂಚು ಅವಳ ಮೂಗಿನ ಎತ್ತರಕ್ಕಿತ್ತು. ತೋರುಬೆರಳನ್ನು ಅದಕ್ಕೆ ಇನ್ನೂ ಮುಟ್ಟಿಸದೆ, ಸ್ವಲ್ಪವೇ ದೂರದಲ್ಲಿ ಹಿಡಿದು ನಿಂತಳು. ಬೆಳಗಿನಿಂದ ಕಾದಿದ್ದಳು. ಈಗ ಯಾರೂ ಸುಮ್ಮನಿರು ಎನ್ನಲಿಲ್ಲ.

"ಅಜ್ಜಿ, ಕೈ ನೋವಲ್ವಾ ನಿಂಗೆ? ಇವತ್ತು ನಾನು ತಿರುಗಿಸ್ಲಾ?"