ಬ್ರೇಕಿನ ಕಾಲು

ಇಷ್ಟು ವರ್ಷ ಶಾಲೆಯ ವ್ಯಾನು ಓಡಿಸಿ, ಲಾರಿಗಳ ಸಂದಿಯಲ್ಲಿ ನುಗ್ಗಿ ಬಂದರೂ ಕೂದಲು ಕೊಂಕದಿದ್ದ ನಾನು ಕಾಲು ಮುರಿದುಕೊಂಡದ್ದು ಒಂದು ಆಟಿಕೆ ಕಾರಿನಿಂದ. ಒಗೆದ ಬಟ್ಟೆ ಹೊತ್ತು ಮೆಟ್ಟಿಲಿಳಿಯುತ್ತಿದ್ದೆ. ನನ್ನ ಸುಪುತ್ರ ಅದನ್ನು ಮೆಟ್ಟಿಲ ಮೇಲೆ ಪಾರ್ಕ್ ಮಾಡಿದ್ದ. ಮುರಿದದ್ದು ಬಲಗಾಲು, ಬ್ರೇಕಿನ ಕಾಲು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚ ಹತ್ತಿದ ಮೇಲೆ ತಿಳಿಯಿತು, ಕಾಲಿನ ನೋವಿಗಿಂತ ನೋಡಲು ಬರುವವರ ಕಾಟ ದೊಡ್ಡದು. "ಈ ನೆಪದಲ್ಲಾದ್ರೂ ರೆಸ್ಟ್ ಸಿಕ್ತಲ್ಲ ಬಿಡಿ ಅತ್ತಿಗೆ" ಅಂದಳು ನಾದಿನಿ. ರೆಸ್ಟಂತೆ, ಮಣ್ಣಂತೆ. ಎರಡು ಮಕ್ಕಳ ತಾಯಿ ಮಲಗಿದರೆ ಇಡೀ ಮನೆ ಮಂಚಕ್ಕೇ ಬರುತ್ತದೆ. ಮಗಳ ಜಡೆ ಮಂಚದಲ್ಲಿ, ಮಗನ ಮಗ್ಗಿ ಮಂಚದಲ್ಲಿ, ಮಡಿಸಬೇಕಾದ ಬಟ್ಟೆ ನನ್ನ ಹೊಟ್ಟೆಯ ಮೇಲೆ. ಗಂಡನಾದವನು "ನೀನು ಏಳ್ಬೇಡ, ನಾನೇ ಎಲ್ಲಾ ನೋಡ್ಕೋತೀನಿ" ಎಂದು ಅಡುಗೆಮನೆಗೆ ಹೋಗಿ ಅಲ್ಲಿಂದ ಕೂಗುತ್ತಿದ್ದ, "ಉಪ್ಪೆಲ್ಲಿದೆ?" ಮದುವೆಯಾದಾಗಿನಿಂದ ಉಪ್ಪಿನ ಡಬ್ಬಿಯ ಜಾಗ ಬದಲಾಗಿಲ್ಲ. ಬದಲಿಸಬೇಕಾಗಿದ್ದದ್ದು ಬೇರೆ ಇತ್ತು.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಮೈದುನ ನನ್ನ ವ್ಯಾನು ಓಡಿಸುತ್ತಿದ್ದದ್ದು. ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನನ್ನು ವ್ಯಾನಿನ ಮಾಲೀಕರ ಮುಂದೆ ನಿಲ್ಲಿಸಿದವನು ನನ್ನ ಗಂಡನೇ. ನಾನು ಆ ಮೈದುನನನ್ನು ಪೈಲಟ್ ಅಂತಲೇ ಕರೆಯುವುದು, ನೆಲ ನೋಡಿ ನಡೆದ ಮನುಷ್ಯನೇ ಅಲ್ಲ ಅವನು. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ತಿರುವಿನಲ್ಲಿ ಗೇರು ಕಿರುಚುತ್ತಿರುತ್ತಿತ್ತು, ನನ್ನ ಇಬ್ಬರು ಮಕ್ಕಳೂ ಅದರೊಳಗೆ. ಸಂಜೆ ಮಗ ಬಂದು "ಚಿಕ್ಕಪ್ಪನ ಜೊತೆ ಮಜಾ ಇರುತ್ತಮ್ಮ, ನೀನಾದ್ರೆ ಬರೀ ಬಯ್ತೀಯ" ಅನ್ನುತ್ತಿದ್ದ.

ಶಾಲೆಗೆ ರಜೆ ಬಂದಾಗ ಮಾಲೀಕರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು, "ರಜೆ ಮುಗಿಯೋದ್ರೊಳಗೆ ನೀವು ಓಡಿಸಿ ತೋರಿಸಿದ್ರೆ ಗಾಡಿ ನಿಮ್ದು. ಇಲ್ಲಾಂದ್ರೆ ಅವ್ನೇ ಖಾಯಂ." ನನ್ನ ವ್ಯಾನು ಆ ಅಡ್ಡಕಸುಬಿಯ ಪಾಲಾಗುವುದನ್ನು ನೋಡುತ್ತಾ ಮಲಗುವ ಹೆಂಗಸು ನಾನಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಬೇರೆ ಯಾರದೋ ಅನ್ನಿಸಿತು, ಅಷ್ಟು ಸೊರಗಿತ್ತು. ವ್ಯಾಯಾಮ ಹೇಳಿಕೊಡುವವಳು "ಆತುರ ಬೇಡ, ಮೆಲ್ಲಗೆ ಒತ್ತಿ" ಅಂದಳು. ಮೆಲ್ಲಗಂತೆ. ಇವಳು ಎಂದಾದರೂ ಬ್ರೇಕು ತುಳಿದಿದ್ದಾಳೆಯೇ? ಕುರ್ಚಿಯಲ್ಲಿ ಕೂತು ಮಂಚದ ಕಾಲಿಗೆ ಪಾದ ಕೊಟ್ಟು, ಹಲ್ಲು ಕಚ್ಚಿಕೊಂಡು ತುಳಿದೆ. ಮಗಳ ಜಡೆ ಹೆಣೆಯುತ್ತಾ ತುಳಿದೆ, ಮಗನ ಮಗ್ಗಿ ತಿದ್ದುತ್ತಾ ತುಳಿದೆ. ರಜೆ ಮುಗಿಯುವ ಹೊತ್ತಿಗೆ ಮಂಚವೇ ಗೋಡೆಯ ಕಡೆ ಸರಿದಿತ್ತು. "ಇನ್ನೂ ಸ್ವಲ್ಪ ದಿನ ಕಾಯಬಾರ್ದಾ?" ಎಂದ ಗಂಡ. ಉಪ್ಪು ಹುಡುಕಲು ಬಾರದವನು ನನಗೆ ಬುದ್ಧಿ ಹೇಳುತ್ತಾನೆ.

ಓಡಿಸಿ ತೋರಿಸುವ ದಿನ ಮಕ್ಕಳು ಹಠ ಮಾಡಿ ಹಿಂದಿನ ಸೀಟು ಹತ್ತಿದವು. ಮಾಲೀಕರು ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು "ಒಂದು ಸುತ್ತು ಹೋಗ್ಬನ್ನಿ" ಎಂದರು. ಪೈಲಟ್ ನನ್ನ ಪಕ್ಕ ಕೂತ.

"ನೋಡಿ ಕಲ್ತ್ಕೋ" ಎಂದೆ.

"ಸರಿ ಅತ್ತಿಗೆ" ಎಂದು ಹಲ್ಲು ಕಿರಿದ.

ಎರಡು ಬೀದಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದೆ. ಮುಂದಿನ ಬೀದಿಯಲ್ಲಿ, ನಿಂತಿದ್ದ ಟೆಂಪೋ ಮರೆಯಿಂದ ಒಬ್ಬ ಮುದುಕಿ ತಳ್ಳುಗಾಡಿ ತಳ್ಳಿಕೊಂಡು ರಸ್ತೆಗಿಳಿದಳು. ನಾನು ನೋಡಿದೆ. ಕಾಲು ಬ್ರೇಕಿನ ಮೇಲೆ ಬಂತು, ಒತ್ತಲಿಲ್ಲ. ಒತ್ತಿದರೆ ನೋವಾಗುತ್ತದೆಂದು ಅದಕ್ಕೆ ಗೊತ್ತಿತ್ತು, ಅಂಜಿ ನಿಂತುಬಿಟ್ಟಿತು. ಮನೆಯಲ್ಲಿ ನಾನು ಸಿದ್ಧಳಾದಾಗ ಮಾತ್ರ ತುಳಿಯುತ್ತಿದ್ದೆ. ಮಂಚ ಎಂದೂ ಹೀಗೆ ಅಡ್ಡ ಬಂದಿರಲಿಲ್ಲ.

ಕೈಬ್ರೇಕು ಎಳೆದವನು ಪೈಲಟ್. ವ್ಯಾನು ಮುಗ್ಗರಿಸಿ ನಿಂತಿತು. ಮುದುಕಿ ನಮ್ಮ ವಂಶವನ್ನೆಲ್ಲ ಜಾಲಾಡಿ ದಾಟಿ ಹೋದಳು. ವಾಪಸು ಶೆಡ್ಡಿನವರೆಗೆ ವ್ಯಾನನ್ನು ತೆವಳಿಸಿಕೊಂಡು ಬಂದೆ.

"ಹೇಗಿತ್ತಪ್ಪಾ?" ಎಂದರು ಮಾಲೀಕರು.

"ಅತ್ತಿಗೆ ಓಡ್ಸೋದಕ್ಕೆ ಎರಡು ಮಾತಿದೆಯಾ ಸಾರ್? ನಾಳೆಯಿಂದ ಅವ್ರೇ" ಎಂದ ಪೈಲಟ್, ಕಣ್ಣು ಮಿಟುಕಿಸದೆ.

ಗಾಡಿ ನನ್ನದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಬ್ರೇಕೇ ಗಟ್ಟಿ ಎಂದರೂ ನಡೆಯುತ್ತಿತ್ತು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟರಲ್ಲಿ ಮಗ ಹಿಂದಿನಿಂದ ಕತ್ತು ಚಾಚಿ ಕೇಳಿದ, "ಅಮ್ಮ, ನೀನ್ಯಾಕೆ ಬ್ರೇಕ್ ಹಾಕ್ಲಿಲ್ಲ?"

ಎಂಜಿನ್ ಆರಿಸಿ ಅವನ ಕಡೆ ತಿರುಗಿದೆ.

"ಹೆದರಿಕೆ ಆಯ್ತು ಕಣೋ" ಎಂದೆ. ಮಾಲೀಕರಿಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಇಳಿದು ಕೀಲಿಯನ್ನು ಪೈಲಟ್ಟಿನ ಕೈಗೆ ಹಾಕಿದೆ. "ಕೊನೇ ಮನೆ ಪುಟ್ಟಿಗೆ ವಾಂತಿ ಆಗುತ್ತೆ, ಕಿಟಕಿ ಪಕ್ಕ ಕೂರ್ಸು. ತಿರುವಿಗೆ ಮುಂಚೇನೇ ಗೇರ್ ಇಳ್ಸು, ದಡ್ಡ ಮುಂಡೇದೇ."

"ನಿಮ್ ಕಾಲು ಸರಿಹೋಗೋವರ್ಗೂ ಅಷ್ಟೇ ಅತ್ತಿಗೆ."

"ಖಾಯಂ ಅಂದ್ರೆ ಖಾಯಂ. ನಂಗೆ ಸಮಾಧಾನ ಹೇಳೋಕೆ ಬರ್ಬೇಡ."

ಹಿಂದಿನ ಸೀಟಿಗೆ ಹೋಗಿ ಮಕ್ಕಳ ನಡುವೆ ಕೂತೆ. ಅವನು ನಮ್ಮನ್ನು ಮನೆಗೆ ಬಿಡಲು ಹೊರಟ. ನನ್ನ ಕಾಲಿಗೆ ಕುಲುಕು ತಾಗದಂತೆ ಗುಂಡಿ ತಪ್ಪಿಸಿ, ತಿರುವಿಗೆ ಮುಂಚೆಯೇ ಗೇರು ಇಳಿಸಿ, ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿದ. ಚೆನ್ನಾಗಿಯೇ ಓಡಿಸಿದ. ಅದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.